ಹೆಸರು ಕೊನೆಗೆ: ಭೀಮಾ, ಕಾಗಿಣಾ, ಮಾಂಜ್ರಾ ನೀರಿನ ಡಯಾಟಮ್ ಗುರುತಿಸುವ ಕ್ರಮ

ಡಯಾಟಮ್ ಗುರುತಿಸಲು ಕೂತವರು ಮಾಡುವ ಮೊದಲ ತಪ್ಪು ಚಿತ್ರಗಳ ಪುಸ್ತಕ ತೆರೆಯುವುದು. ಕಲಬುರಗಿ, ಬೀದರ್, ಯಾದಗಿರಿ ಸೀಮೆಯಲ್ಲಿ ಈ ತಪ್ಪು ಇನ್ನೂ ದುಬಾರಿ. ಇಲ್ಲಿನ ನೀರಲ್ಲಿ ಸುಣ್ಣವಿದೆ, ಎರೆಮಣ್ಣಿದೆ. ಇವೆರಡನ್ನೂ ಕಳೆಯದೆ ಸ್ಲೈಡ್ ಮಾಡಿದರೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬರೀ ಹರಳು ಮತ್ತು ಕೆಸರು. ಅದನ್ನೇ ನೋಡಿ, ಪುಸ್ತಕದ ಯಾವುದೋ ಚಿತ್ರಕ್ಕೆ ಹೋಲಿಸಿ, ಒಂದು ಲ್ಯಾಟಿನ್ ಹೆಸರು ಬರೆದುಬಿಟ್ಟರೆ ಆಮೇಲೆ ಅದನ್ನು ಅಳಿಸುವವರು ಯಾರೂ ಇರುವುದಿಲ್ಲ. ಪಟ್ಟಿಯಿಂದ ಪಟ್ಟಿಗೆ ಅದು ಹರಿದುಹೋಗುತ್ತಲೇ ಇರುತ್ತದೆ. ಹಾಗಾಗಿ ಮೊದಲು ಜಾಗ, ಆಮೇಲೆ ತೊಳೆಯುವ ಕೆಲಸ, ಆಮೇಲೆ ಅಳತೆ. ಹೆಸರು ಕೊನೆಗೆ.

ನೋಡುತ್ತಿರುವುದು ಏನನ್ನು

ಡಯಾಟಮ್ ಒಂಟಿ ಕೋಶದ ಪಾಚಿ. ಅದರ ಹೊರಕವಚ ಸಿಲಿಕಾದ್ದು, ಅಂದರೆ ಹೆಚ್ಚುಕಡಿಮೆ ಗಾಜಿನದು. ಜೇಬಿನಲ್ಲಿಟ್ಟುಕೊಳ್ಳುವ ಸುಣ್ಣದ ಡಬ್ಬಿ ನೆನಪಿಸಿಕೊಳ್ಳಿ: ಮುಚ್ಚಳ ತುಸು ದೊಡ್ಡದು, ತಳ ತುಸು ಚಿಕ್ಕದು, ಒಂದರ ಮೇಲೊಂದು ಕೂತಿರುತ್ತದೆ. ಡಯಾಟಮ್ ಕವಚವೂ ಹಾಗೆಯೇ ಎರಡು ಹೋಳು. ಒಂದೊಂದು ಹೋಳಿನ ಮುಖಕ್ಕೆ ವಾಲ್ವ್ ಎನ್ನುತ್ತಾರೆ, ಎರಡನ್ನೂ ಸುತ್ತುವ ಪಟ್ಟಿಗೆ ಗರ್ಡಲ್. ಡಬ್ಬಿಯನ್ನು ಮೇಲಿನಿಂದ ನೋಡಿದರೆ ಒಂದು ಆಕಾರ, ಪಕ್ಕದಿಂದ ನೋಡಿದರೆ ಇನ್ನೊಂದು. ಒಂದೇ ಜೀವಿಯನ್ನು ಎರಡು ಪ್ರಭೇದವಾಗಿ ಬರೆಯುವುದು ಇಲ್ಲೇ ಶುರುವಾಗುತ್ತದೆ. ಹೊಸಬರಿಗೆ ಗರ್ಡಲ್ ನೋಟದ ಡಯಾಟಮ್ ಎಲ್ಲವೂ ಚೌಕದ ಡಬ್ಬಿಯಾಗಿಯೇ ಕಾಣುತ್ತದೆ.

ಇನ್ನೊಂದು ವಿಷಯ ಈ ಡಬ್ಬಿಯ ಲೆಕ್ಕದಿಂದಲೇ ಹುಟ್ಟುತ್ತದೆ. ಕೋಶ ಒಡೆದು ಎರಡಾದಾಗ ಎರಡೂ ಮರಿಗಳು ಒಂದೊಂದು ಹಳೆಯ ಹೋಳನ್ನು ಮುಚ್ಚಳ ಮಾಡಿಕೊಂಡು ಒಳಗೆ ಹೊಸ ತಳ ಕಟ್ಟುತ್ತವೆ. ಹಳೆಯ ತಳವೇ ಮುಚ್ಚಳವಾದ ಮರಿ ತಾಯಿಗಿಂತ ಚಿಕ್ಕದಾಗುತ್ತದೆ. ಹೀಗೆ ತಲೆಮಾರು ಕಳೆದಂತೆ ಸರಾಸರಿ ಗಾತ್ರ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಆಕ್ಸೋಸ್ಪೋರ್ ಎಂಬ ಹಂತದಲ್ಲಿ ಮತ್ತೆ ದೊಡ್ಡದಾಗುತ್ತದೆ. ಉದ್ದ ಕಡಿಮೆಯಾದಷ್ಟು ಅಗಲ ಕಡಿಮೆಯಾಗುವುದಿಲ್ಲ. ಆದ್ದರಿಂದ ದೋಣಿಯಂತಿದ್ದದ್ದು ಚಿಕ್ಕದಾಗುತ್ತಾ ಮೊಟ್ಟೆಯಂತಾಗುತ್ತದೆ, ಕೊಕ್ಕಿನಂಥ ತುದಿ ಮೊಂಡಾಗುತ್ತದೆ. ಉದ್ದ ಮತ್ತು ಆಕಾರ ಮಾತ್ರ ನಂಬಿದವರು ಒಂದು ಪ್ರಭೇದವನ್ನು ಮೂರು ಮಾಡುತ್ತಾರೆ. ಹೆಚ್ಚು ನಂಬಬೇಕಾದ್ದು ಅಗಲವನ್ನು ಮತ್ತು 10 ಮೈಕ್ರಾನಿಗೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ವಾಲ್ವಿನ ಮೇಲೆ ಎಷ್ಟು ಗೆರೆ ಎಂಬ ಲೆಕ್ಕವನ್ನು.

ಜಾಗ: ಮೂರು ಕಲ್ಲು, ಮೂರು ನೀರು

ಈ ಮೂರು ಜಿಲ್ಲೆಗಳಲ್ಲಿ ಡಯಾಟಮ್ ಹುಡುಕುವವರಿಗೆ ಭೂಗರ್ಭವೇ ದೊಡ್ಡ ಅನುಕೂಲ. ಚಿತ್ತಾಪುರ, ಶಹಾಬಾದ್, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು. ಮನೆಮನೆಗೆ ಹಾಸುವ ಶಹಾಬಾದಿ ಫರಸಿಯೂ ಸಿಮೆಂಟ್ ಕಾರ್ಖಾನೆಗಳ ಕಚ್ಚಾ ಕಲ್ಲೂ ಅದೇ. ಮಳಖೇಡದ ಕೋಟೆ ಪಕ್ಕದ ಕಾಗಿಣಾ ಇಂಥ ನೆಲದ ಹೊಳೆ. ಗಡಸು, ಕ್ಷಾರೀಯ ನೀರು ನಿರೀಕ್ಷಿಸಿ. ಬೀದರ್‌ನಲ್ಲಿ ಕಪ್ಪು ಬಸಾಲ್ಟ್ ಮೇಲೆ ಕೆಂಪು ಜಂಬಿಟ್ಟಿಗೆಯ ಹೊದಿಕೆ. ಜಂಬಿಟ್ಟಿಗೆಯೊಳಗಿಂದ ಜಿನುಗುವ ಒರತೆಯ ನೀರು ಸಾಮಾನ್ಯವಾಗಿ ಮೃದು. ಯಾದಗಿರಿ, ಶಹಾಪುರ, ಸುರಪುರ ಕಡೆ ಗ್ರಾನೈಟ್ ಬಂಡೆ, ಮತ್ತು ನಾರಾಯಣಪುರದ ಬಸವಸಾಗರದಿಂದ ಬರುವ ಕೃಷ್ಣಾ ಕಾಲುವೆ ನೀರು. ಮೂರು ಕಡೆಯಿಂದ ಒಂದೊಂದು ಮಾದರಿ ತಂದರೆ ಬೇರೆ ಬೇರೆ ಡಯಾಟಮ್ ಸಮುದಾಯ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಯುನೋಷಿಯಾ, ಫ್ರಸ್ಟುಲಿಯಾ ಕುಲಗಳ ಬಹುತೇಕ ಪ್ರಭೇದಗಳು ಖನಿಜ ಕಡಿಮೆಯಿರುವ, ತುಸು ಆಮ್ಲೀಯ ನೀರನ್ನು ಬಯಸುತ್ತವೆ. ಎಪಿತೀಮಿಯಾ, ಮ್ಯಾಸ್ಟೊಗ್ಲೋಯಾಗಳಿಗೆ ಕ್ಷಾರೀಯ ನೀರು ಹಿತ.

ಸಮಯ ನವೆಂಬರ್‌ನಿಂದ ಫೆಬ್ರವರಿ. ಪ್ರವಾಹ ಕಲ್ಲಿನ ಮೈಯನ್ನು ಉಜ್ಜಿ ಬಿಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಬಂದಂಥ ನೆರೆಯ ನಂತರ ಕಲ್ಲಿನ ಮೇಲೆ ಸಮುದಾಯ ನೆಲೆಗೊಳ್ಳಲು ಕನಿಷ್ಠ 4 ವಾರ ಬಿಡಬೇಕು. ಏಪ್ರಿಲ್, ಮೇನಲ್ಲಿ ತೊಂದರೆ ತಿರುವುಮುರುವು: ನೀರು ಇಳಿದು ಕಲ್ಲು ಒಣಗಿರುತ್ತದೆ, ನಿನ್ನೆ ಮೊನ್ನೆ ಮತ್ತೆ ಮುಳುಗಿರುತ್ತದೆ. ಅಂಥ ಕಲ್ಲಿನ ಮೇಲೆ ಸಿಗುವುದು ಒಣಮಣ್ಣಿನ ಜಾತಿ. ಕಾಲುವೆಯದ್ದೂ ಇದೇ ಕಥೆ. ನೀರು ಬಿಟ್ಟು ಎಷ್ಟು ದಿನವಾಯಿತೆಂದು ಗೇಟಿನವರನ್ನು ಕೇಳಿಕೊಂಡೇ ಇಳಿಯಿರಿ.

ಹರಿಯುವ ನೀರಲ್ಲಿ 20ರಿಂದ 30 ಸೆಂ.ಮೀ. ಆಳದಲ್ಲಿ, ಬಿಸಿಲು ಬೀಳುವ ಕಡೆ, ಅಂಗೈ ಗಾತ್ರದ 5 ಕಲ್ಲು ಎತ್ತಿ. ಹಸಿರು ಕೂದಲಿನಂಥ ಪಾಚಿ ಇರುವ ಕಲ್ಲು ಬೇಡ, ಕಂದು ಲೋಳೆ ಇರುವುದು ಬೇಕು. ಆ ಕಂದು ಡಯಾಟಮ್ ಒಳಗಿನ ಫ್ಯೂಕೊಕ್ಸಾಂತಿನ್ ಬಣ್ಣದಿಂದ ಬಂದದ್ದು. ಕಲ್ಲನ್ನು ಹೊಳೆನೀರಲ್ಲೇ ಒಮ್ಮೆ ಮೆಲ್ಲಗೆ ಅಲುಗಿಸಿ ಸಡಿಲ ಕೆಸರು ಕಳೆಯಿರಿ. ಬಿಳಿ ಟ್ರೇಗೆ 50 ಮಿ.ಲೀ. ಹೊಳೆನೀರು ಹಾಕಿ, ಪ್ರತಿ ಕಲ್ಲಿನ ಮೇಲ್ಮೈಯಲ್ಲಿ ಸುಮಾರು 10 ಚದರ ಸೆಂ.ಮೀ. ಜಾಗವನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ಟ್ರೇಗೆ ತೊಳೆಯಿರಿ. ಐದೂ ಕಲ್ಲಿನ ನೀರು ಒಂದೇ ಬಾಟಲಿಗೆ. ಬ್ರಷ್ ಪ್ರತಿ ಜಾಗಕ್ಕೂ ಹೊಸದೇ ಇರಲಿ. ತೊಳೆದರೂ ಬಿರುಗೂದಲಿನ ಬುಡದಲ್ಲಿ ನೂರಾರು ಕವಚ ಉಳಿದಿರುತ್ತವೆ, ಹತ್ತು ರೂಪಾಯಿ ಉಳಿಸಲು ಹೋಗಿ ಕಾಗಿಣಾದ ಡಯಾಟಮ್ ಮಾಂಜ್ರಾದ ಪಟ್ಟಿಗೆ ಸೇರಿಬಿಡುತ್ತದೆ.

ಕಲ್ಲು ಸಿಗದ ಮರಳಿನ ಪಾತ್ರದಲ್ಲಿ ನೀರೊಳಗಿನ ಜೊಂಡಿನ 5-6 ಕಾಂಡ ಕತ್ತರಿಸಿಕೊಳ್ಳಿ, ಅಥವಾ ಗಾಜಿನ ಪಟ್ಟಿ ಇಳಿಬಿಟ್ಟು 4 ವಾರದ ನಂತರ ಬನ್ನಿ. ಫರಸಿ ತುಂಡು ಕೈಗೆ ಸಿಗುತ್ತದೆಂದು ಅದನ್ನೇ ಇಳಿಬಿಡಬೇಡಿ. ಉಜ್ಜಿದಾಗ ಸುಣ್ಣದ ಪುಡಿಯೂ ಜತೆಗೆ ಬರುತ್ತದೆ.

ಪಿಎಚ್, ವಿದ್ಯುತ್ ವಾಹಕತೆ, ತಾಪಮಾನ ಮೂರನ್ನೂ ದಡದಲ್ಲೇ ಬರೆಯಿರಿ, ಗಂಟೆಯ ಜತೆಗೆ. ಪಾಚಿ ತುಂಬಿದ ಕೆರೆಯಲ್ಲಿ ಬೆಳಗಿನ ಪಿಎಚ್ ಮತ್ತು ಮಧ್ಯಾಹ್ನದ ಪಿಎಚ್ ಒಂದೇ ಇರುವುದಿಲ್ಲ. ಮಾದರಿ ಕೆಡದಂತೆ ಬಾಟಲಿಗೆ ಲೂಗಾಲ್ ಅಯೋಡಿನ್ ಹನಿಸಿ, ತೆಳು ಚಹಾದ ಬಣ್ಣ ಬಂದರೆ ಸಾಕು. ಆದರೆ ಅದಕ್ಕೂ ಮೊದಲು ಸ್ವಲ್ಪ ಮಾದರಿಯನ್ನು ಹಾಗೆಯೇ ಬೇರೆ ತೆಗೆದಿಡಿ, ಕಾರಣ ಮುಂದೆ ಬರುತ್ತದೆ.

ಬೀದರ್‌ನ ಗುರುನಾನಕ್ ಝೀರಾ ಪವಿತ್ರ ಒರತೆ. ಅಲ್ಲಿ ಬ್ರಷ್ ಹಿಡಿದು ಕೂರುವಂತಿಲ್ಲ. ಅನುಮತಿ ಕೇಳಿ, ಸಿಕ್ಕರೆ ಹೊರಹರಿವಿನಿಂದ ತೆಗೆದುಕೊಳ್ಳಿ. ನೌಬಾದ್‌ನ ಕರೇಜ್‌ಗೂ (ನೆಲದಡಿ ನೀರು ಹರಿಸುವ ಹಳೆಯ ಸುರಂಗ) ಒಪ್ಪಿಗೆ ಬೇಕು. ಸುರಂಗದ ಕತ್ತಲಲ್ಲಿ ಇಳಿದು ಪ್ರಯೋಜನವೂ ಇಲ್ಲ: ಡಯಾಟಮ್‌ಗೆ ಬೆಳಕು ಬೇಕು, ನೀರು ಬಿಸಿಲಿಗೆ ಬರುವ ಬಾಯಿಯ ಬಳಿ ಹುಡುಕಬೇಕು. ಬೋನಾಳ ಪಕ್ಷಿಧಾಮದ ಕೆರೆಗೆ ಅರಣ್ಯ ಇಲಾಖೆಯ ಅನುಮತಿ.

ತೊಳೆಯುವ ಮುನ್ನ ಹಸಿ ನೋಟ

ತೆಗೆದಿಟ್ಟ ಹಸಿ ಮಾದರಿಯನ್ನು ಅದೇ ದಿನ 40ರ ಲೆನ್ಸ್‌ನಲ್ಲಿ ನೋಡಿ. ಆಮ್ಲಕ್ಕೆ ಹಾಕಿದ ಮೇಲೆ ಜೀವಂತ ಯಾವುದು, ಸತ್ತ ಕವಚ ಯಾವುದು ತಿಳಿಯುವುದಿಲ್ಲ. ಹೊಳೆಯಲ್ಲಿ ಮೇಲಿನಿಂದ ಕೊಚ್ಚಿ ಬಂದ ಖಾಲಿ ಕವಚ ಯಾವಾಗಲೂ ಇರುತ್ತದೆ. ಹಸಿಯಲ್ಲಿ ಅಂಟಿನ ಕಾಂಡದ ಮೇಲೆ ನಿಂತ ಗೊಂಫೊನೀಮಾ, ಸರಪಳಿ ಕಟ್ಟಿದ ಆಲಕೊಸೈರಾ, ಸರಿದಾಡುವ ನ್ಯಾವಿಕ್ಯುಲಾ ಕಾಣುತ್ತವೆ; ತೊಳೆದ ಮೇಲೆ ಈ ಯಾವ ಸುಳಿವೂ ಉಳಿಯದು. ಹರಿದ್ರೇಣುವಿನ (ಕೋಶದೊಳಗಿನ ಬಣ್ಣದ ಭಾಗ, ಡಯಾಟಮ್‌ನಲ್ಲಿ ಕಂದು) ಜಾಗವನ್ನೂ ಗುರುತು ಹಾಕಿಕೊಳ್ಳಿ. ನ್ಯಾವಿಕ್ಯುಲಾದಲ್ಲಿ ಎರಡು ಕಂದು ಪಟ್ಟಿಗಳು ಕೋಶದ ಎರಡೂ ಬದಿಗೆ ಉದ್ದಕ್ಕೆ ಮಲಗಿರುತ್ತವೆ. ನಿಟ್ಶಿಯಾದಲ್ಲಿ ಒಂದು ಈ ತುದಿಗೆ, ಒಂದು ಆ ತುದಿಗೆ, ನಡುವೆ ಬಣ್ಣವಿಲ್ಲದ ಖಾಲಿ ಜಾಗ. ಸೂಕ್ಷ್ಮ ಗೆರೆ ಕಾಣದ ಸಾಧಾರಣ ಕಾಲೇಜು ಮೈಕ್ರೋಸ್ಕೋಪಿನಲ್ಲೂ ಈ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ತೊಳೆಯುವುದು: ಅರ್ಧ ಕೆಲಸ ಇದೇ

ಮೊದಲು ಸುಣ್ಣ ಕಳೆಯಿರಿ. 10 ಮಿ.ಲೀ. ದಪ್ಪ ಮಾದರಿಯನ್ನು 250 ಮಿ.ಲೀ. ಬೀಕರ್‌ಗೆ ಹಾಕಿ, 10 ಶೇಕಡಾ ಹೈಡ್ರೊಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ಸೋಡಾದಂತೆ ಬುಸುಗುಟ್ಟುತ್ತದೆ. ಬುಸುಗುಟ್ಟುವುದು ನಿಂತು, ಇನ್ನೊಂದು ಹನಿ ಹಾಕಿದರೂ ಏನೂ ಆಗದಿದ್ದರೆ ಸುಣ್ಣ ಹೋಯಿತು. ಆಮೇಲೆ ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೆಯಿರಿ. ಮುಂದಿನ ಹಂತಕ್ಕೆ ಕೆಲವರು ನೈಟ್ರಿಕ್ ಆಮ್ಲ ಬಳಸುತ್ತಾರೆ; ಈ ತೊಳೆತ ಬಿಟ್ಟು ನೇರವಾಗಿ ಅದನ್ನು ಸುರಿದರೆ ಎರಡೂ ಆಮ್ಲ ಸೇರಿ ಕ್ಲೋರಿನ್ ಹೊಗೆ ಏಳುತ್ತದೆ.

ಸೇಡಂ, ಶಹಾಬಾದ್ ಕಡೆಯ ಮಾದರಿಗೆ ಗಂಧಕಾಮ್ಲ ಬಳಸಲೇ ಬೇಡಿ. ಹಳೆಯ ಪ್ರಾಯೋಗಿಕ ಕೈಪಿಡಿಗಳಲ್ಲಿ ಗಂಧಕಾಮ್ಲ ಮತ್ತು ಡೈಕ್ರೋಮೇಟ್ ವಿಧಾನವಿದೆ. ಆದರೆ ಕ್ಯಾಲ್ಸಿಯಂ ಉಳಿದ ಮಾದರಿಗೆ ಗಂಧಕಾಮ್ಲ ಬಿದ್ದರೆ ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್ ಆಗುತ್ತದೆ. ಅದು ಸ್ಲೈಡ್ ತುಂಬ ಉದ್ದುದ್ದ ಸೂಜಿ ಹರಳಾಗಿ ಕೂರುತ್ತದೆ, ನೀರಲ್ಲಿ ಸುಲಭಕ್ಕೆ ಕರಗುವುದೂ ಇಲ್ಲ. ಹೊಸ ಕಣ್ಣಿಗೆ ಆ ಸೂಜಿಗಳೆಲ್ಲ ಉಲ್ನೇರಿಯಾ, ಇಲ್ಲವೇ ನಿಟ್ಶಿಯಾದಂಥ ಉದ್ದನೆಯ ಡಯಾಟಮ್. ಅನುಮಾನ ಬಂದರೆ ಪರೀಕ್ಷೆ ಸುಲಭ. ಪೋಲರಾಯ್ಡ್ ಹಾಳೆಯ ಎರಡು ತುಂಡು ತೆಗೆದುಕೊಂಡು ಒಂದನ್ನು ಕಂಡೆನ್ಸರ್ ಕೆಳಗೆ, ಇನ್ನೊಂದನ್ನು ಕಣ್ಣುಮಸೂರದ ಮೇಲೆ ಇಟ್ಟು, ನೋಟ ಕಪ್ಪಾಗುವ ತನಕ ಮೇಲಿನದನ್ನು ತಿರುಗಿಸಿ. ಜಿಪ್ಸಮ್, ಸುಣ್ಣ, ಮರಳಿನ ಹರಳು ಕತ್ತಲಲ್ಲಿ ಹೊಳೆಯುತ್ತವೆ. ಡಯಾಟಮ್ ಹೊಳೆಯುವುದಿಲ್ಲ, ಅದರ ಸಿಲಿಕಾಕ್ಕೆ ಹರಳಿನ ರಚನೆ ಇಲ್ಲ.

ಜೈವಿಕ ವಸ್ತು ಸುಡಲು 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ತೊಳೆದ ಮಾದರಿಗೆ 5 ಮಿ.ಲೀ. ಹಾಕಿ ಹತ್ತು ನಿಮಿಷ ನೋಡಿ, ನೊರೆ ಇಳಿದ ಮೇಲೆ ಇನ್ನು 15 ಮಿ.ಲೀ. ಹಾಕಿ, ಹಾಟ್‌ಪ್ಲೇಟ್ ಮೇಲೆ 90 ಡಿಗ್ರಿಯಲ್ಲಿ 2-3 ಗಂಟೆ ಇಡಿ. ಒಮ್ಮೆಲೇ ಸುರಿದರೆ ಹಾಲು ಉಕ್ಕಿದಂತೆ ಉಕ್ಕಿ ಮಾದರಿಯೆಲ್ಲ ಹಾಟ್‌ಪ್ಲೇಟ್ ಪಾಲು, 10 ಮಿ.ಲೀ. ಮಾದರಿಗೆ ಅಷ್ಟು ದೊಡ್ಡ ಬೀಕರ್ ಹೇಳಿದ್ದು ಇದಕ್ಕೇ. ಬತ್ತುತ್ತಾ ಬಂದರೆ ಪೆರಾಕ್ಸೈಡ್ ಸೇರಿಸಿ, ತಳ ಒಣಗಲು ಬಿಡಬೇಡಿ. ಒಣಗಿದ ಕವಚ ಗಾಜಿಗೆ ಅಂಟಿದರೆ ಮತ್ತೆ ಏಳುವುದಿಲ್ಲ. ಕಂದು ಹೋಗಿ ಬೂದು ಬಿಳಿ ಆದಾಗ ಮುಗಿಯಿತು. ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಔಷಧ ಅಂಗಡಿಯ 6 ಶೇಕಡಾ ಪೆರಾಕ್ಸೈಡ್ ಬಿಸಿ ಮಾಡದೆ ಹಾಕಿ ಒಂದು ವಾರ ಬಿಟ್ಟರೂ ತೆಳು ಮಾದರಿ ಮಟ್ಟಿಗೆ ಕೆಲಸ ಆಗುತ್ತದೆ. ಮುಚ್ಚಳ ಮಾತ್ರ ಬಿಗಿ ಮಾಡಬೇಡಿ, ಅನಿಲ ತುಂಬಿ ಸಿಡಿಯುತ್ತದೆ.

ಇನ್ನು ಎರೆಮಣ್ಣು. ಆಮ್ಲಕ್ಕೂ ಕರಗದ, ಪೆರಾಕ್ಸೈಡ್‌ಗೂ ಜಗ್ಗದ ಈ ಜೇಡಿಯೇ ನಮ್ಮ ಕಡೆಯ ನಿಜವಾದ ತಲೆನೋವು. ಬಲದಿಂದ ಆಗದ್ದು, ತಾಳ್ಮೆಯಿಂದ ಆಗುತ್ತದೆ. ಮೊದಲು ಬೀಕರ್ ಕಲಕಿ 10-15 ಸೆಕೆಂಡ್ ನಿಲ್ಲಿಸಿ, ಮೇಲಿನ ನೀರನ್ನು ಇನ್ನೊಂದು ಬೀಕರ್‌ಗೆ ಬಗ್ಗಿಸಿ. ಮರಳು ಹಿಂದೆ ಉಳಿಯುತ್ತದೆ. ಆ ಎರಡನೇ ಬೀಕರ್‌ನಲ್ಲಿ ನೀರಿನ ಎತ್ತರ 5-6 ಸೆಂ.ಮೀ. ಇರಲಿ. ಒಂದೆರಡು ಹನಿ ಅಮೋನಿಯಾ ಹಾಕಿ ಕಲಕಿ 2 ಗಂಟೆ ಬಿಡಿ. ಜೇಡಿಯ ಕಣಗಳು ಒಂದಕ್ಕೊಂದು ಅಂಟದೆ ನೀರಲ್ಲೇ ತೇಲುತ್ತವೆ, ಭಾರದ ಡಯಾಟಮ್ ಕೆಳಗಿಳಿಯುತ್ತದೆ. ಮೇಲಿನ ಕದಡು ನೀರನ್ನು ಬಗ್ಗಿಸಿ ಚೆಲ್ಲಿ, ಹೀಗೆ ನಾಲ್ಕೈದು ಸಲ. ಚೆಲ್ಲುವ ಮುಂಚೆ ಆ ನೀರಿನ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ರೂಢಿ ಇಟ್ಟುಕೊಳ್ಳಿ. 10 ಮೈಕ್ರಾನಿಗಿಂತ ಚಿಕ್ಕ ಡಯಾಟಮ್‌ಗಳು ಮೋರಿ ಸೇರುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ, ಆಗ ಕಾಯುವ ಹೊತ್ತು ಹೆಚ್ಚಿಸಿ. ಅಮೋನಿಯಾ ನೀರಲ್ಲಿ ರಾತ್ರಿಯಿಡೀ ಬಿಡಬೇಡಿ. ಕ್ಷಾರ ಸಿಲಿಕಾವನ್ನು ತಿನ್ನುತ್ತದೆ, ತೆಳು ಕವಚಗಳು ಮೊದಲು ಹಾಳಾಗುತ್ತವೆ.

ಕೊನೆಯ ತೊಳೆತ ಡಿಸ್ಟಿಲ್ಡ್ ನೀರಲ್ಲೇ, ಪಿಎಚ್ ಕಾಗದ ತಟಸ್ಥ ತೋರಿಸುವ ತನಕ, ಸಾಮಾನ್ಯವಾಗಿ 4ರಿಂದ 6 ಸಲ. ಪ್ರತಿ ಸಲ 8 ಗಂಟೆ ಕೂರಲು ಬಿಡಿ. ಅವಸರವಿದ್ದರೆ ಸೆಂಟ್ರಿಫ್ಯೂಜ್ 1500 ಸುತ್ತಿನಲ್ಲಿ 5 ನಿಮಿಷ. ಅದಕ್ಕಿಂತ ಜೋರಾದರೆ ಉದ್ದನೆಯವು ಮುರಿಯುತ್ತವೆ. ಬೋರ್‌ವೆಲ್ ನೀರು ಬೇಡವೇ ಬೇಡ. ಮನೆಗೆ ಬರುವ ಫಿಲ್ಟರ್ ನೀರಿನ ಕ್ಯಾನೂ ಸಾಲದು, ಅದರಲ್ಲೂ ಲವಣ ಉಳಿದಿರುತ್ತದೆ. ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ ನೋಡಿ: ಬಿಳಿ ಉಂಗುರ ಬಿದ್ದರೆ ಆ ನೀರು ಕೆಲಸಕ್ಕೆ ಬಾರದು.

ಸ್ಲೈಡ್

ತೊಳೆದ ಮಾದರಿಯನ್ನು ಅಲುಗಿಸಿದಾಗ ತೀರಾ ತೆಳು ಮಜ್ಜಿಗೆ ನೀರಿನಷ್ಟು ಮಬ್ಬು ಕಂಡರೆ ಸಾಂದ್ರತೆ ಸರಿ. ಸ್ಪಿರಿಟ್‌ನಲ್ಲಿ ಒರೆಸಿದ ಕವರ್‌ಸ್ಲಿಪ್ ಮೇಲೆ ಅರ್ಧ ಮಿ.ಲೀ. ಬಿಟ್ಟು, ಫ್ಯಾನ್ ಆರಿಸಿ, ಮೇಲೆ ಡಬ್ಬಿ ಬೋರಲು ಹಾಕಿ ರಾತ್ರಿಯಿಡೀ ಒಣಗಲು ಬಿಡಿ. ಬೇಗ ಒಣಗಲೆಂದು ಬಿಸಿ ಮಾಡಿದರೆ ಕವಚಗಳೆಲ್ಲ ಅಂಚಿಗೆ ಓಡಿ ಉಂಗುರವಾಗುತ್ತವೆ, ಎಣಿಕೆ ಕೆಡುತ್ತದೆ. ಒಣಗಿದ್ದನ್ನು 400 ಪಟ್ಟು ಹಿಗ್ಗಿಸಿ ನೋಡಿದಾಗ ಒಂದು ನೋಟದಲ್ಲಿ 10ರಿಂದ 20 ವಾಲ್ವ್ ಬಿಡಿಬಿಡಿಯಾಗಿ ಇರಬೇಕು. ಒಂದರ ಮೇಲೊಂದು ಬಿದ್ದಿದ್ದರೆ ನೀರು ಬೆರೆಸಿ ಹೊಸದು ಮಾಡಿ.

ಕವರ್‌ಸ್ಲಿಪ್ ಕೂರಿಸುವ ಅಂಟಿನ ಆಯ್ಕೆಯಲ್ಲಿ ರಾಜಿ ಬೇಡ. ಡಯಾಟಮ್ ಸಿಲಿಕಾದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಸುಮಾರು 1.43. ಪ್ರಯೋಗಾಲಯದಲ್ಲಿ ಸದಾ ಇರುವ ಡಿಪಿಎಕ್ಸ್ ಅಂಟಿನದ್ದು ಸುಮಾರು 1.52. ವ್ಯತ್ಯಾಸ ಇಷ್ಟು ಕಡಿಮೆಯಾದರೆ ಗಾಜು ನೀರಲ್ಲಿ ಮುಳುಗಿದಂತೆ ಕವಚ ಕಾಣದಾಗುತ್ತದೆ. ಡಯಾಟಮ್ ಕೆಲಸಕ್ಕೆ ಬಳಸುವ ನ್ಯಾಫ್ರಾಕ್ಸ್ ಅಂಟಿನದ್ದು 1.7ಕ್ಕೂ ಮೇಲೆ, ಗೆರೆ ಗೆರೆಯೂ ಎದ್ದು ಕಾಣುತ್ತದೆ. ಅದು ಕೈ ಸೇರುವ ತನಕ ಕಲಿಯಲಿಕ್ಕೆ ಬರೀ ಗಾಳಿಯೇ ಸಾಕು: ಒಣಗಿದ ಕವರ್‌ಸ್ಲಿಪ್ ಅನ್ನು ಬೋರಲು ಹಾಕಿ ಅಂಚಿಗೆ ಉಗುರು ಬಣ್ಣ ಹಚ್ಚಿ. ಚೆನ್ನಾಗಿಯೇ ಕಾಣುತ್ತದೆ, ಆದರೆ ವರ್ಷಗಟ್ಟಲೆ ಇಡುವ ದಾಖಲೆಗೆ ಆಗದು.

ನ್ಯಾಫ್ರಾಕ್ಸ್ ಒಂದು ಹನಿ ಸ್ಲೈಡ್ ಮೇಲೆ, ಅದರ ಮೇಲೆ ಕವರ್‌ಸ್ಲಿಪ್ ಬೋರಲು, ಹಾಟ್‌ಪ್ಲೇಟ್ ಮೇಲೆ ಗುಳ್ಳೆ ಎದ್ದು ನಿಲ್ಲುವ ತನಕ 2-3 ನಿಮಿಷ. ಟಾಲ್ಯೂಯಿನ್ ಆವಿ ಬರುತ್ತದೆ, ಹತ್ತಿರ ಬೆಂಕಿ ಇರಕೂಡದು. ಇಳಿಸಿ ಸೂಜಿಯಿಂದ ಮೆಲ್ಲಗೆ ಒತ್ತಿ. ತಣಿದ ಮೇಲೆ ಅಂಚನ್ನು ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಬಿದ್ದರೆ ಇನ್ನೊಮ್ಮೆ ಬಿಸಿ ಮಾಡಿ. ಅಂಟು ದಪ್ಪಗಾದರೆ 100ರ ಲೆನ್ಸ್ ಫೋಕಸ್‌ಗೆ ಬರುವ ಮುಂಚೆಯೇ ಗಾಜಿಗೆ ತಾಗುತ್ತದೆ.

ಅಳತೆ

ಸ್ಟೇಜ್ ಮೈಕ್ರೋಮೀಟರ್ ಎಂದರೆ ಅಳತೆಗೆರೆ ಕೊರೆದ ಗಾಜಿನ ಸ್ಲೈಡ್; ಅದರ ಒಂದು ಮನೆ 10 ಮೈಕ್ರಾನ್. ಕಣ್ಣುಮಸೂರದ ಅಳತೆಪಟ್ಟಿಯನ್ನು ಅದಕ್ಕೆ ಹೊಂದಿಸಿ. 40ರ ಲೆನ್ಸ್‌ನಲ್ಲಿ ಪಟ್ಟಿಯ 40 ಮನೆ ಸ್ಟೇಜಿನ 10 ಮನೆಗೆ ಸರಿಬಂದರೆ ಒಂದು ಮನೆ 2.5 ಮೈಕ್ರಾನ್. 100ರ ಲೆನ್ಸ್‌ನಲ್ಲಿ 100 ಮನೆ 10ಕ್ಕೆ ಸರಿಬಂದರೆ ಒಂದು ಮೈಕ್ರಾನ್. ಪ್ರತಿ ಮೈಕ್ರೋಸ್ಕೋಪಿಗೂ ಬೇರೆ ಲೆಕ್ಕ. ಇನ್ನೊಬ್ಬರ ಸಂಖ್ಯೆ ಕಾಪಿ ಹೊಡೆಯಬೇಡಿ.

ಎಣ್ಣೆ ಹಾಕಿದ 1.25 ಎನ್‌ಎ (ಲೆನ್ಸಿನ ಮೇಲೆಯೇ ಬರೆದಿರುವ, ಅದು ಬೆಳಕು ಹಿಡಿಯುವ ಸಾಮರ್ಥ್ಯದ ಸಂಖ್ಯೆ) ಲೆನ್ಸ್ ಹಸಿರು ಬೆಳಕಿನಲ್ಲಿ ಬೇರ್ಪಡಿಸಿ ತೋರಿಸುವುದು ಸುಮಾರು 0.27 ಮೈಕ್ರಾನ್ ಅಂತರ. ಅಂದರೆ 10 ಮೈಕ್ರಾನಿಗೆ 35ರ ಆಸುಪಾಸು ಗೆರೆ ತನಕ. ಅದನ್ನು ಮೀರಿದ್ದನ್ನು ಎಣಿಸಿದೆ ಎಂದರೆ ಊಹೆ ಬರೆದಂತೆ. ಅಲ್ಲಿ ‘ಕಾಣುವುದಿಲ್ಲ’ ಎಂದೇ ಬರೆಯಿರಿ, ಅದೂ ಒಂದು ಲಕ್ಷಣ. ಗೆರೆಯನ್ನು ವಾಲ್ವಿನ ಅಂಚಿನ ಗುಂಟ 10 ಮೈಕ್ರಾನ್ ಅಳೆದು ಎಣಿಸಬೇಕು. ನಡುವೆ ಮತ್ತು ತುದಿಯಲ್ಲಿ ಲೆಕ್ಕ ಬೇರೆ ಬರುತ್ತದೆ, ಎರಡನ್ನೂ ಬರೆಯಿರಿ. ಒಂದು ಬಗೆಗೆ ಕನಿಷ್ಠ 10 ವಾಲ್ವ್ ಅಳೆಯಿರಿ, ಅತಿ ದೊಡ್ಡದು ಮತ್ತು ಅತಿ ಚಿಕ್ಕದು ಸೇರಿ. ಫೋಟೊ ಎಲ್ಲವನ್ನೂ ಒಂದೇ ಅಳತೆಗೆ ತಂದು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದರೆ ನಡುವೆ ಎಲ್ಲೂ ಕೊಂಡಿ ಕಳಚದೆ ಆಕಾರ ಬದಲಾಗುವುದು ಕಾಣುತ್ತದೆ. ಕೊಂಡಿ ಕಳಚಿದ ಕಡೆ ಎರಡು ಪ್ರಭೇದ ಬೆರೆತಿವೆಯೇ ನೋಡಿ.

ಗುಂಪಿನಿಂದ ಕುಲಕ್ಕೆ

ಮೊದಲ ಪ್ರಶ್ನೆ, ಗೆರೆಗಳು ಒಂದು ನಡುಬಿಂದುವಿನಿಂದ ಸುತ್ತ ಹರಡಿವೆಯೋ, ಒಂದು ಉದ್ದಗೆರೆಯ ಎರಡೂ ಬದಿಗೆ ಇವೆಯೋ. ಸುತ್ತ ಹರಡಿದ್ದರೆ ಸೆಂಟ್ರಿಕ್: ಸೈಕ್ಲೊಟೆಲ್ಲಾ, ಆಲಕೊಸೈರಾ. ಎರಡು ಬದಿಗೆ ಇದ್ದರೆ ಪೆನ್ನೇಟ್. ಆಲಕೊಸೈರಾ ಹೆಚ್ಚಾಗಿ ಪಕ್ಕಕ್ಕೆ ಮಲಗಿ ಆಯತವಾಗಿ ಕಾಣುವುದರಿಂದ ದುಂಡಗಿಲ್ಲ ಎಂದು ಕೈಬಿಡಬೇಡಿ.

ಪೆನ್ನೇಟ್‌ನಲ್ಲಿ ಮುಂದಿನ ಪ್ರಶ್ನೆ ರೇಫಿ. ರೇಫಿ ಎಂದರೆ ವಾಲ್ವಿನ ಮೇಲಿನ ಸೀಳು; ಡಯಾಟಮ್ ಸರಿದಾಡುವುದು ಅದರ ಮೂಲಕ. ಸೀಳೇ ಇಲ್ಲದಿದ್ದರೆ ಉಲ್ನೇರಿಯಾ, ಫ್ರಜಿಲೇರಿಯಾ. ಎರಡು ವಾಲ್ವ್‌ನಲ್ಲಿ ಒಂದಕ್ಕೆ ಮಾತ್ರ ಇದ್ದರೆ ಅಕ್ನಾಂತಿಡಿಯಮ್, ಕೊಕ್ಕೊನೈಸ್. ತೊಳೆದಾಗ ಎರಡು ಹೋಳು ಬೇರಾಗಿ ಒಂದು ಅಲ್ಲಿ, ಒಂದು ಇಲ್ಲಿ ಬಿದ್ದಿರುತ್ತದೆ. ರೇಫಿ ಇಲ್ಲದ ಹೋಳನ್ನು ಫ್ರಜಿಲೇರಿಯಾಕ್ಕೆ ಸೇರಿಸುವ ತಪ್ಪು ಬಹಳ. ತುದಿಗಳಲ್ಲಿ ಮಾತ್ರ ಗಿಡ್ಡ ರೇಫಿ ಇದ್ದರೆ ಯುನೋಷಿಯಾ. ರೇಫಿ ಅಂಚಿನ ಏಣಿನ ಮೇಲಿದ್ದು ಅದರ ಗುಂಟ ಹೊಲಿಗೆಯಂಥ ಚುಕ್ಕಿ ಸಾಲು ಕಂಡರೆ ಅವು ಫಿಬುಲಾ: ನಿಟ್ಶಿಯಾ, ಹಾಂಟ್ಶಿಯಾ. ನಡುವೆ ಉದ್ದಕ್ಕೆ ಪೂರ್ತಿ ರೇಫಿ ಇದ್ದರೆ ಆಕಾರದ ಸಮತೆ ನೋಡಿ. ಎಲ್ಲ ಕಡೆ ಸಮವಾದ ದೋಣಿ ನ್ಯಾವಿಕ್ಯುಲಾ ಬಳಗ. ಒಂದು ಬದಿ ಉಬ್ಬಿ ಅರ್ಧಚಂದ್ರದಂತಿದ್ದರೆ ಸಿಂಬೆಲ್ಲಾ. ಒಂದು ತುದಿ ದಪ್ಪ, ಇನ್ನೊಂದು ಸಣ್ಣ ಇದ್ದರೆ ಗೊಂಫೊನೀಮಾ.

ಉದಾಹರಣೆಗೆ ಒಂದು ವಾಲ್ವ್: ಉದ್ದ 18, ಅಗಲ 5.5 ಮೈಕ್ರಾನ್. ಒಂದು ತುದಿ ಅಗಲ, ತುದಿಗಳು ಕೊಕ್ಕಿನಂತೆ. ರೇಫಿ ನಡುವೆ ಪೂರ್ತಿ. ಗೆರೆ 10 ಮೈಕ್ರಾನಿಗೆ 14. ಕುಲ ಗೊಂಫೊನೀಮಾ ಎಂಬಲ್ಲಿ ಅನುಮಾನವಿಲ್ಲ. ಈಗ ನಡುಭಾಗಕ್ಕೆ ಫೋಕಸ್ ತಂದು ನಾಬನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಿ. ಒಂದು ಬದಿಯ ಗೆರೆಯ ತುದಿಯಲ್ಲಿ ಒಂಟಿ ಚುಕ್ಕಿ ಮಿನುಗಿ ಮಾಯವಾಗುತ್ತದೆ, ಅದು ಸ್ಟಿಗ್ಮಾ. ಅದರ ಎದುರಿನ ಗೆರೆ ಗಿಡ್ಡ. ಇಷ್ಟಾದ ಮೇಲೆ ಗೊಂಫೊನೀಮಾ ಪಾರ್ವ್ಯುಲಮ್ ಗುಂಪು ಎನ್ನಬಹುದು. ‘ಗುಂಪು’ ಎಂಬ ಪದ ಬಿಡಬೇಡಿ, ಆ ಹೆಸರಿನಡಿ ಒಂದಕ್ಕೊಂದು ತೀರಾ ಹೋಲುವ ಹಲವು ಬಗೆಗಳು ಸೇರಿಕೊಂಡಿವೆ.

ಹೆಸರು

ಹೆಚ್ಚಿನವರ ಕೈಗೆ ಸಿಗುವ ಕೀಲಿಗಳು, ಅಂದರೆ ಲಕ್ಷಣ ನೋಡುತ್ತಾ ಹೆಸರಿಗೆ ತಲುಪಿಸುವ ಕೈಪಿಡಿಗಳು, ಯುರೋಪಿನ ನೀರಿಗೆ ಬರೆದವು. ನಮ್ಮ ಡಯಾಟಮ್ ಅವುಗಳಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಡಯಾಟಮ್ ತಜ್ಞ ಎಚ್.ಪಿ. ಗಾಂಧಿ 1950ರ ದಶಕದಿಂದ ಧಾರವಾಡ, ಜೋಗ, ಕೊಲ್ಹಾಪುರ ಭಾಗದ ಸಿಹಿನೀರನ್ನು ಜಾಲಾಡಿ ಹಲವು ಹೊಸ ಬಗೆಗಳನ್ನು ವರ್ಣಿಸಿದ್ದಾರೆ. ಯುರೋಪಿನ ಚಿತ್ರಕ್ಕೆ ಹೋಗುವ ಮುನ್ನ ಅವರ ಪ್ರಬಂಧಗಳ ರೇಖಾಚಿತ್ರ ನೋಡುವುದು ನ್ಯಾಯ. ಅಗಲ ಅಥವಾ ಗೆರೆ ಲೆಕ್ಕ ವರ್ಣನೆಯ ಮಿತಿಯಿಂದ ಹೊರಗಿದ್ದರೆ ಆ ಹೆಸರು ಸಲ್ಲದು, ಆಕಾರ ಎಷ್ಟೇ ಹೋಲಲಿ. ಆಗ ‘ನ್ಯಾವಿಕ್ಯುಲಾ ಪ್ರಭೇದ 3’ ಎಂದು ಬರೆದು ಫೋಟೊ, ಅಳತೆ, ಸ್ಲೈಡ್ ಸಂಖ್ಯೆ ಜತೆಗಿಡಿ. ಹೆಸರಿಲ್ಲದ ಸರಿಯಾದ ದಾಖಲೆ, ಹೆಸರಿರುವ ತಪ್ಪು ದಾಖಲೆಗಿಂತ ನೂರು ಪಾಲು ಮೇಲು. ಪರೀಕ್ಷಕರು ಇದನ್ನು ಒಪ್ಪದಿರಬಹುದು, ಆದರೂ ಸರಿ.

ಹಳೆಯ ಪ್ರಬಂಧಗಳ ಜತೆ ಹೋಲಿಸುವಾಗ ಹೆಸರು ಬದಲಾದದ್ದು ನೆನಪಿರಲಿ. ಸಿನೆಡ್ರಾ ಅಲ್ನಾ ಈಗ ಉಲ್ನೇರಿಯಾ ಅಲ್ನಾ. ಮೆಲೊಸೈರಾ ಗ್ರಾನ್ಯುಲೇಟಾ ಈಗ ಆಲಕೊಸೈರಾ ಗ್ರಾನ್ಯುಲೇಟಾ. ಅಕ್ನಾಂತೀಸ್ ಮಿನುಟಿಸಿಮಾ ಈಗ ಅಕ್ನಾಂತಿಡಿಯಮ್ ಮಿನುಟಿಸಿಮಮ್. ಇದು ತಿಳಿಯದೆ ಎರಡು ಪಟ್ಟಿ ಇಟ್ಟು ನೋಡಿದರೆ ಹಳೆಯ ಪ್ರಭೇದ ನಾಶವಾಗಿ ಹೊಸದು ಬಂದಂತೆ ತೋರುತ್ತದೆ. ಪಾಚಿಗಳ ಹೆಸರು ದಾಖಲಿಸುವ ಆಲ್ಗೆಬೇಸ್ ಜಾಲತಾಣದಲ್ಲಿ ಈಗಿನ ಹೆಸರು ನೋಡಬಹುದು. ಮೇಲಿನ ಹಂತದ ವರ್ಗೀಕರಣವೂ ಹಾಗೆಯೇ. 1990ರಲ್ಲಿ ರೌಂಡ್, ಕ್ರಾಫರ್ಡ್, ಮಾನ್ ಎಂಬ ಮೂವರು ಡಯಾಟಮ್ ತಜ್ಞರು ಕವಚದ ರಚನೆ ನೋಡಿ ಮೂರು ವರ್ಗ ಮಾಡಿದರು. ಆಮೇಲೆ ಡಿಎನ್‌ಎ ಬಂದು ಆ ಗೆರೆಗಳನ್ನು ಅಲ್ಲಲ್ಲಿ ಅಳಿಸಿ ಬರೆಯಿತು. ಹೊಳೆಯ ಪಟ್ಟಿ ಮಾಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕುಲ ಮತ್ತು ಪ್ರಭೇದ ಸರಿಯಿದ್ದರೆ ಉಳಿದದ್ದು ತಾನಾಗಿ ಕೂರುತ್ತದೆ.

ಎಣಿಕೆ ಮತ್ತು ಸಂಗ್ರಹ

ಒಂದು ಸ್ಲೈಡಿಗೆ 400 ವಾಲ್ವ್. ಕವರ್‌ಸ್ಲಿಪ್‌ನ ಒಂದು ಅಂಚಿನಿಂದ ನೇಗಿಲ ಸಾಲಿನಂತೆ ನೇರ ಹೋಗಿ, ದಾರಿಯಲ್ಲಿ ಬಂದ ಎಲ್ಲವನ್ನೂ ಎಣಿಸಿ; ಚಂದದ್ದನ್ನು ಆರಿಸಬೇಡಿ. ಮುರಿದದ್ದಾದರೆ ಅರ್ಧಕ್ಕಿಂತ ಹೆಚ್ಚು ಉಳಿದು ನಡುಭಾಗ ಇದ್ದರೆ ಮಾತ್ರ ಲೆಕ್ಕಕ್ಕೆ. ಎರಡು ಹೋಳು ಕೂಡಿಯೇ ಇದ್ದರೆ ಎರಡು ಎಂದು ಎಣಿಸಿ. 400ರಲ್ಲಿ 42 ಬಂದರೆ 10.5 ಶೇಕಡಾ.

ನಿಟ್ಶಿಯಾ ಪಾಲಿಯಾ, ಗೊಂಫೊನೀಮಾ ಪಾರ್ವ್ಯುಲಮ್ ಎರಡೂ ಸೇರಿ ಪಟ್ಟಿಯ ಬಹುಪಾಲು ಆದರೆ ಚರಂಡಿ ನೀರು ಸೇರುತ್ತಿದೆಯೇ ಎಂದು ಮೇಲ್ಭಾಗಕ್ಕೆ ನಡೆದು ನೋಡಿ. ಹಾಂಟ್ಶಿಯಾ ಆಂಫಿಆಕ್ಸಿಸ್ ಮಣ್ಣಿನಲ್ಲಿ ಬದುಕುವ ಜಾತಿ. ಹೊಳೆಯ ಮಾದರಿಯಲ್ಲಿ ಅದು ಹೆಚ್ಚಾಗಿದ್ದರೆ ಹೊಲದ ಮಣ್ಣು ಕೊಚ್ಚಿಬಂದಿದೆ, ಅಥವಾ ಕಲ್ಲು ಇತ್ತೀಚೆಗೆ ಒಣಗಿತ್ತು. ಯುರೋಪಿನ ಮಾಲಿನ್ಯ ಸೂಚ್ಯಂಕಗಳ ಸಂಖ್ಯೆಯನ್ನು ಹಾಗೆಯೇ ಇಲ್ಲಿಗೆ ತಂದು ‘ಮಧ್ಯಮ ಮಾಲಿನ್ಯ’ ಎಂದು ತೀರ್ಪು ಕೊಡುವುದು ಮಾತ್ರ ಬೇಡ. ಅವುಗಳಲ್ಲಿ ಒಂದೊಂದು ಪ್ರಭೇದಕ್ಕೆ ಕೊಟ್ಟ ತೂಕಗಳು ಅಲ್ಲಿನ ನದಿಗಳಿಗೆ ಕಟ್ಟಿದವು.

ಸ್ಲೈಡಿನ ಮೇಲೆ ಜಾಗ, ದಿನಾಂಕ, ಯಾವುದರ ಮೇಲಿಂದ ಉಜ್ಜಿದ್ದು, ಸಂಖ್ಯೆ ನಾಲ್ಕೂ ಬೇಕು. ಕಾಗದದ ಚೀಟಿ ಉದುರುತ್ತದೆ, ಸಂಖ್ಯೆಯನ್ನು ವಜ್ರದ ಮೊನೆಯ ಪೆನ್ನಿನಿಂದ ಗಾಜಿಗೇ ಕೊರೆಯಿರಿ. ಉಳಿದ ತೊಳೆದ ಮಾದರಿಯನ್ನು ಚೆಲ್ಲದೆ, ಅದೇ ಸಂಖ್ಯೆಯ ಚಿಕ್ಕ ಸೀಸೆಯಲ್ಲಿ ನಾಲ್ಕು ಹನಿ ಆಲ್ಕೊಹಾಲ್ ಸೇರಿಸಿ ಮುಚ್ಚಿಡಿ. ಆಲ್ಕೊಹಾಲ್ ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಮುಚ್ಚಳ ಸಡಿಲವಿದ್ದರೆ ಕಲಬುರಗಿಯ ಒಂದು ಬೇಸಿಗೆಗೆ ಸೀಸೆ ಬತ್ತಿ ತಳದಲ್ಲಿ ಬಿಳಿ ಪುಡಿ ಮಾತ್ರ ಉಳಿಯುತ್ತದೆ. ಮುಚ್ಚಳಕ್ಕೆ ಪ್ಯಾರಾಫಿಲ್ಮ್ ಸುತ್ತಿ, ಏಪ್ರಿಲ್ ಶುರುವಿನಲ್ಲಿ ಒಮ್ಮೆ ತೆಗೆದು ನೋಡಿ, ಇಳಿದಿದ್ದರೆ ಡಿಸ್ಟಿಲ್ಡ್ ನೀರು ತುಂಬಿಸಿ.